ನಾಲ್ಕೇ ಜನ ಇದ್ದರೂ ಬ್ರಾಂಚ್ ಬೇಕು

ಪ್ರಶ್ನೆ ಓದಿದೆ. ಇವತ್ತು ಯಾವ ಯಕ್ಷಗಾನ ಮೇಳದ ಆಟ (ಪ್ರದರ್ಶನ) ಎಲ್ಲಿ ಅಂತ ತೋರಿಸುವ ಆ್ಯಪ್ ಮಾಡುತ್ತಿದ್ದೀರಿ. ಇಬ್ಬರು ಮಣಿಪಾಲ, ಒಬ್ಬರು ಸುರತ್ಕಲ್, ಒಬ್ಬರು ಕುಂದಾಪುರ. ನಾಲ್ವರೂ ಕೋಡ್ ಇಡುವ ಗಿಟ್‌ಲ್ಯಾಬ್ ಸೈಟಿನಲ್ಲಿ ಮೇನ್‌ಗೇ, ಅಂದರೆ ಎಲ್ಲರ ಮುಖ್ಯ ಪ್ರತಿಗೇ, ನೇರ ಪುಶ್ ಮಾಡುತ್ತೀರಿ (ಕಳಿಸುತ್ತೀರಿ), ನಿನ್ನೆ ಸುರತ್ಕಲ್‌ನವರ ಕೆಲಸ ಕಾಣೆಯಾಗಿದೆ. ಇಷ್ಟು ಸಣ್ಣ ತಂಡಕ್ಕೂ ಬ್ರಾಂಚ್ (ಮೇನ್‌ನಿಂದ ಕವಲೊಡೆದ ಬೇರೆ ಕೆಲಸದ ದಾರಿ), ಮರ್ಜ್ ರಿಕ್ವೆಸ್ಟ್ (ಅದನ್ನು ಮೇನ್‌ಗೆ ಸೇರಿಸಿ ಅನ್ನುವ ಕೋರಿಕೆ) ಬೇಕಾ ಅಂತ ಕೇಳಿದ್ದೀರಿ. ಬೇಕು ಮಾರಾಯ್ರೆ, ಖಂಡಿತ ಬೇಕು.

ಮೊದಲು ಹೋದ ಕೆಲಸ ನೋಡೋಣ. ಸರ್ವರ್‌ನಲ್ಲಿ ಬೇರೆಯವರ ಹೊಸ ಕಮಿಟ್ (ದಾಖಲಿಸಿಟ್ಟ ಬದಲಾವಣೆ) ಇದ್ದರೆ, ಈ ಲೆಕ್ಕ ಇಡುವ ಗಿಟ್ ನಿಮ್ಮ ಪುಶ್ ತೆಗೆದುಕೊಳ್ಳುವುದೇ ಇಲ್ಲ. ಆದ್ದರಿಂದ ಯಾರೋ ಫೋರ್ಸ್ ಪುಶ್ (ಸರ್ವರ್‌ನಲ್ಲಿದ್ದದ್ದರ ಮೇಲೆ ಒತ್ತಾಯದಿಂದ ತಮ್ಮದನ್ನು ಹಾಕುವುದು) ಮಾಡಿರಬೇಕು, ಇಲ್ಲವೇ ಕಾನ್‌ಫ್ಲಿಕ್ಟ್ (ಒಂದೇ ಜಾಗದಲ್ಲಿ ಇಬ್ಬರ ಬದಲಾವಣೆ ಡಿಕ್ಕಿ) ಬಂದಾಗ ತಮ್ಮದನ್ನು ಇಟ್ಟು ಇನ್ನೊಬ್ಬರ ಸಾಲು ಅಳಿಸಿರಬೇಕು. ಹೇಗಿದ್ದರೂ ಹಳೇ ಕಮಿಟ್ ಸುರತ್ಕಲ್‌ನವರ ಲ್ಯಾಪ್‌ಟಾಪ್‌ನಲ್ಲಿ ಸಿಗುತ್ತದೆ. ಅವರು 'ಗಿಟ್ ರಿಫ್ಲಾಗ್' (git reflog) ಕಮಾಂಡ್ ಕೊಟ್ಟು, ಆ ಲ್ಯಾಪ್‌ಟಾಪ್‌ನಲ್ಲಿ ಗಿಟ್ ಇಟ್ಟ ಹಳೇ ಹೆಜ್ಜೆಗಳ ಪಟ್ಟಿಯಲ್ಲಿ ಅದನ್ನು ಹುಡುಕಲಿ, ಅಲ್ಲಿಂದ ಹೊಸ ಬ್ರಾಂಚ್ ಮಾಡಿ ಪುಶ್ ಮಾಡಲಿ. ಯಾವ ಬ್ರಾಂಚಿಗೂ ಸೇರದೆ ಉಳಿದ ಕಮಿಟ್‌ನ ಗುರುತು ರಿಫ್ಲಾಗ್‌ನಲ್ಲಿ ಸಾಮಾನ್ಯವಾಗಿ 30 ದಿನ ಮಾತ್ರ ಇರುತ್ತದೆ. ಲ್ಯಾಪ್‌ಟಾಪ್‌ನ ಆ ಪ್ರಾಜೆಕ್ಟ್ ಫೋಲ್ಡರ್ ಅಳಿಸಿ ಸರ್ವರ್‌ನಿಂದ ಮತ್ತೆ ಕ್ಲೋನ್ (ನಕಲು) ಮಾಡಿದರಂತೂ ರಿಫ್ಲಾಗೂ ಹೋಯಿತು. ಅದನ್ನು ಈಗಲೇ ಫೋನ್ ಮಾಡಿ ಹೇಳಿ.

ಆಮೇಲೆ ಮೇನ್‌ಗೆ ಬೀಗ ಹಾಕಿ. ಸೆಟ್ಟಿಂಗ್ಸ್, ರೆಪೊಸಿಟರಿ, ಪ್ರೊಟೆಕ್ಟೆಡ್ ಬ್ರಾಂಚಸ್. ಅಲ್ಲಿ ಪುಶ್ ಯಾರಿಗೂ ಬೇಡ, ಫೋರ್ಸ್ ಪುಶ್ ಆಫ್, ಮರ್ಜ್ ಮಾತ್ರ ನಾಲ್ವರಿಗೂ ಇರಲಿ.

ಬ್ರಾಂಚ್ ಜಾಸ್ತಿಯಾದರೆ ಜಾಗ ತಿನ್ನುತ್ತದೆ ಅಂತ ಹೆದರಬೇಡಿ. ಅದು ಒಂದು ಕಮಿಟ್ ಯಾವುದು ಅಂತ ತೋರಿಸುವ ಸಣ್ಣ ಗುರುತು ಅಷ್ಟೇ, ಫೈಲುಗಳ ನಕಲು ಆಗುವುದಿಲ್ಲ. ಒಂದು ಕೆಲಸಕ್ಕೆ ಒಂದು ಬ್ರಾಂಚ್ ಮಾಡಿ, ಹೆಸರು ನೋಡಿದರೆ ಕೆಲಸ ಗೊತ್ತಾಗಬೇಕು. ಮುಗಿಯದ ಕೆಲಸವನ್ನೂ ಡ್ರಾಫ್ಟ್ ಅಂತ ಗುರುತು ಹಾಕಿ ಮರ್ಜ್ ರಿಕ್ವೆಸ್ಟ್ ತೆರೆದಿಡಬಹುದು. ಯಾರು ಏನು ಮಾಡುತ್ತಿದ್ದಾರೆ ಅಂತ ಉಳಿದವರಿಗೆ ಕಾಣುತ್ತದೆ.

ನನ್ನ ಮಟ್ಟಿಗೆ ದೊಡ್ಡ ಲಾಭ ಇರುವುದು ಇನ್ನೊಬ್ಬರು ಓದುವುದರಲ್ಲಿ. ನಿಮ್ಮದೇ ಆ್ಯಪ್ ತಗೊಳ್ಳಿ. ಒಬ್ಬರು ಮೇಳದ ಹೆಸರಿಗೆ 'ಕಟೀಲು' ಅಂತ ಮಾತ್ರ ಬರೆದು ಕಳಿಸುತ್ತಾರೆ. ಕೋಡ್ ಓಡುತ್ತದೆ, ಟೆಸ್ಟೂ ಪಾಸಾಗುತ್ತದೆ. ಆದರೆ ಕಟೀಲು ದೇವಸ್ಥಾನದ್ದು ಒಂದೇ ಮೇಳ ಅಲ್ಲ, ಒಂದೇ ದಿನ ಬೇರೆ ಬೇರೆ ಊರಲ್ಲಿ ಆಟ ಇರುತ್ತದೆ. ಎಷ್ಟನೇ ಮೇಳ ಅಂತ ಇಲ್ಲದಿದ್ದರೆ ಜನ ಎಲ್ಲಿಗೆ ಹೋಗಬೇಕು? ಅದು ಗೊತ್ತಿದ್ದವರು ಆ ಸಾಲಿನ ಕೆಳಗೇ ಕಮೆಂಟ್ ಹಾಕಿದರೆ ಮೇನ್‌ಗೆ ಸೇರುವ ಮೊದಲೇ ಸರಿಯಾಗುತ್ತದೆ. ಹಾಗಾಗಿ ಬರೆದವರೇ ಮರ್ಜ್ ಒತ್ತುವುದು ಬೇಡ. ಉಚಿತ ಪ್ಲಾನ್‌ನಲ್ಲಿ ಗಿಟ್‌ಲ್ಯಾಬ್ ಇದನ್ನು ಕಡ್ಡಾಯ ಮಾಡುವುದಿಲ್ಲ, ನೀವೇ ಮಾತಾಡಿಕೊಂಡು ಪಾಲಿಸಬೇಕು.

ಓದುವವರಿಗೆ ಓದಲು ಆಗಬೇಕಾದರೆ ಬದಲಾವಣೆ ಸಣ್ಣದಿರಬೇಕು, ಅಲ್ವಾ? ಒಂದೆರಡು ದಿನದಲ್ಲಿ ಮುಗಿಯುವಷ್ಟೇ ಇಟ್ಟುಕೊಳ್ಳಿ. ಕೆಲಸಕ್ಕೆ ಕೂತಾಗಲೆಲ್ಲ ಹೊಸ ಮೇನ್ ಅನ್ನು ನಿಮ್ಮ ಬ್ರಾಂಚಿಗೆ ತಂದುಕೊಳ್ಳಿ, ಕಾನ್‌ಫ್ಲಿಕ್ಟ್ ಬಂದರೂ ನಾಲ್ಕು ಸಾಲಿನದ್ದು ಬರುತ್ತದೆ. ಇನ್ನೊಬ್ಬರ ಸಾಲು ಯಾಕಿದೆ ಅಂತ ಗೊತ್ತಾಗದಿದ್ದರೆ ಅಂದಾಜಲ್ಲಿ ಅಳಿಸಬೇಡಿ, ಅವರನ್ನೇ ಕೇಳಿ. ಡೇಟಾಬೇಸ್ ಬದಲಿಸುವಂಥ ದೊಡ್ಡ ಕೆಲಸವನ್ನು ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಮೇಳಗಳ ತಿರುಗಾಟ ನಿಂತ ಮೇಲೆ ಹಿಡಿಯಿರಿ. ಆಗಲೂ ತುಂಡು ತುಂಡಾಗಿಯೇ ಕಳಿಸಿ.

ಮರ್ಜ್ ಆದದ್ದು ಆಟದ ಹೊತ್ತಿಗೆ ಕೈಕೊಟ್ಟರೆ ಆ ಮರ್ಜ್ ರಿಕ್ವೆಸ್ಟ್‌ನಲ್ಲೇ ರಿವರ್ಟ್ ಬಟನ್ ಇದೆ. ಅದೊಂದೇ ಬದಲಾವಣೆಯನ್ನು ಹಿಂದೆ ತರುವ ಹೊಸ ಮರ್ಜ್ ರಿಕ್ವೆಸ್ಟ್ ಮಾಡಿಕೊಡುತ್ತದೆ, ಉಳಿದ ಮೂವರ ಕೆಲಸ ಹಾಗೇ ಇರುತ್ತದೆ.