ಸದಾ ತಡವಾಗಿ ಬರುವ ಗೆಳತಿಯ ಬಗ್ಗೆ ನೀವು ಕೇಳಿದ ಪ್ರಶ್ನೆಗೆ

ಪ್ರತಿ ಸಲವೂ ಅರ್ಧ ಗಂಟೆ ತಡವಾಗಿ ಬರುವ ಗೆಳತಿಯ ಮೇಲೆ ಸಿಟ್ಟಾಗುವುದು ಸಣ್ಣತನವೇ ಎಂದು ಕೇಳಿದ್ದೀರಿ; ಖಂಡಿತ ಅಲ್ಲ. ‘ಇನ್ನೈದು ನಿಮಿಷ, ಬಂದೇಬಿಟ್ಟೆ’ ಎಂಬ ಸಂದೇಶ ಬಂದ ಮೇಲೆ, ಕೈಯಲ್ಲಿರುವ ಪುಸ್ತಕವನ್ನೂ ತೆರೆಯಲಾಗದೆ ಬಾಗಿಲ ಕಡೆಗೇ ಕಣ್ಣಿಟ್ಟು ಕೂರುವ ಆ 25 ನಿಮಿಷಗಳು ಎಷ್ಟು ನೋಯಿಸುತ್ತವೆ ಎಂಬುದನ್ನು ನಾನೂ ಬಲ್ಲೆ. ತಡವಾಗುವುದಕ್ಕಿಂತ ಆ ಹುಸಿ ಭರವಸೆಯೇ ನನಗೆ ಹೆಚ್ಚು ಅಸಹನೀಯ. ಆದರೂ ಇದನ್ನು ಅಗೌರವವೆಂದೇ ತೀರ್ಮಾನಿಸಬೇಡಿ. ಒಂದು ಕೆಲಸಕ್ಕೆ ಬೇಕಾಗುವ ಸಮಯವನ್ನು, ಹಿಂದಿನ ಅನುಭವ ಕಣ್ಣೆದುರಿಗಿದ್ದರೂ, ಕಡಿಮೆಯಾಗಿ ಅಂದಾಜಿಸುವ ಮನುಷ್ಯ ಸ್ವಭಾವವನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ಗುರುತಿಸಿದ್ದರು. ಆದ್ದರಿಂದ ತಲುಪುವ ಹೊತ್ತಿನ ಬದಲು ಮನೆ ಬಿಡುವ ಹೊತ್ತನ್ನು ಗೆಳತಿಯೊಂದಿಗೆ ಗೊತ್ತುಮಾಡಿಕೊಳ್ಳಿ. 15 ನಿಮಿಷ ಕಾದು ಹೊರಟುಬಿಡುವುದಾಗಿ ಮೊದಲೇ ತಿಳಿಸಿ, ಹಾಗೆಯೇ ಹೊರಡಿ.