ಬಲಗಡೆ ಗೊತ್ತು, ಎಡಗಡೆ ಯಾವುದು?

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ. ರಾಸಾಯನಿಕ ಸಮೀಕರಣ ಕೊಟ್ಟರೆ ಸರಿದೂಗಿಸುತ್ತಾಳೆ. ಆದರೆ ಬಲಗಡೆಯ ಉತ್ಪನ್ನ (ಕ್ರಿಯೆಯಿಂದ ಬಂದದ್ದು) ಮಾತ್ರ ಕೊಟ್ಟು ಎಡಗಡೆಯ ಪ್ರತಿವರ್ತಕ (ಕ್ರಿಯೆಗೆ ಇಳಿದದ್ದು) ಕೇಳಿದರೆ ಸುಮ್ನೆ ಕೂತುಬಿಡುತ್ತಾಳೆ. ಮೊನ್ನೆ ಬಂದ ಲೆಕ್ಕ ಇದು: ‘ಒಂದು ಇಂಧನ ಉರಿದಾಗ 8 ಅಣು ಕಾರ್ಬನ್ ಡೈಆಕ್ಸೈಡ್, 10 ಅಣು ನೀರು ಬಂತು. ಇಂಧನ ಯಾವುದು?’ ಹೇಗೆ ಹೇಳಿಕೊಡಲಿ?

ಉತ್ತರ: ಮೊದಲು ಬಲಗಡೆಯದನ್ನು ಬಿಡಿಸಿ ಎಣಿಸಲು ಹೇಳಿ. ಕಾರ್ಬನ್ 8. ಹೈಡ್ರೋಜನ್ 20. ಆಕ್ಸಿಜನ್, ಕಾರ್ಬನ್ ಜೊತೆ 16, ನೀರಿನಲ್ಲಿ 10, ಒಟ್ಟು 26. ಇಷ್ಟೂ ಪರಮಾಣುಗಳು ಎಡಗಡೆಯಿಂದಲೇ ಬಂದಿರಬೇಕು ಅಲ್ವಾ?

ಉರಿಯಲು ಗಾಳಿಯ ಆಕ್ಸಿಜನ್ ಬೇಕೇ ಬೇಕು. ಹಾಗಾಗಿ ಒಂದು ಪ್ರತಿವರ್ತಕ ಆಗಲೇ ಸಿಕ್ಕಿತು: 26 ಪರಮಾಣು, ಅಣುವಿಗೆ ಎರಡರಂತೆ 13 ಆಕ್ಸಿಜನ್ ಅಣು. ಉಳಿದ 8 ಕಾರ್ಬನ್, 20 ಹೈಡ್ರೋಜನ್ ಇಂಧನದ್ದು. ಇಷ್ಟೂ ಒಂದೇ ಅಣುವಿನಲ್ಲಿ ಇರಬಹುದಾ? ಆಗುವುದಿಲ್ಲ. ಕಾರ್ಬನ್‌ಗೆ ಇರುವುದು ನಾಲ್ಕೇ ಕೈ. ಒಂದನ್ನೊಂದು ಹಿಡಿದು ಸಾಲಾಗಿ ನಿಂತ 8 ಕಾರ್ಬನ್‌ಗಳು 18ಕ್ಕಿಂತ ಜಾಸ್ತಿ ಹೈಡ್ರೋಜನ್ ಹಿಡಿಯಲಾರವು. ಎರಡು ಅಣುವಾಗಿ ಹಂಚಿ: ತಲಾ 4 ಕಾರ್ಬನ್, 10 ಹೈಡ್ರೋಜನ್. ಅದೇ ಬ್ಯೂಟೇನ್! ನಿಮ್ಮ ಅಡುಗೆ ಗ್ಯಾಸಿನಲ್ಲಿ ಪ್ರೊಪೇನ್ ಜೊತೆ ಇರುವುದು ಇದೇ.

ಒಂದು ಮಾತು ಹೇಳಲೇಬೇಕು. ಆ ಪ್ರಶ್ನೆ ಪೂರ್ತಿ ಸರಿಯಿಲ್ಲ. ತನ್ನಲ್ಲೇ ಒಂದು ಆಕ್ಸಿಜನ್ ಇರುವ ಬ್ಯೂಟನಾಲ್ ಎಂಬ ಆಲ್ಕೋಹಾಲಿನ 2 ಅಣು, 12 ಆಕ್ಸಿಜನ್ ಅಣುವಿನಲ್ಲಿ ಉರಿದರೂ ಬಲಗಡೆ ಇದೇ ಬರುತ್ತದೆ. ‘ಒಂದು ಹೈಡ್ರೋಕಾರ್ಬನ್’ (ಕಾರ್ಬನ್, ಹೈಡ್ರೋಜನ್ ಮಾತ್ರ ಇರುವುದು) ಎಂದು ಕೇಳಬೇಕಿತ್ತು. ಎಣಿಕೆ ಸರಿಹೋದ ಮಾತ್ರಕ್ಕೆ ನಡೆದದ್ದು ಅದೇ ಕ್ರಿಯೆ ಎಂದು ಹೇಳಲಾಗದು. ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ ಎಂಬುದೇ ನನ್ನ ಸಂಕಟ.

ಒಲೆಯನ್ನೇ ನೋಡಿ. 14.2 ಕೆಜಿ ಸಿಲಿಂಡರಿನಲ್ಲಿ ಬರೀ ಬ್ಯೂಟೇನ್ ಇದೆ ಎಂದುಕೊಳ್ಳೋಣ. ಪೂರ್ತಿ ಉರಿಯಲು ಸುಮಾರು 51 ಕೆಜಿ ಆಕ್ಸಿಜನ್ ಬೇಕು! ಗಾಳಿ ಸಾಲದಿದ್ದರೆ ಅದೇ 2 ಬ್ಯೂಟೇನ್ ಅಣುಗಳು 9 ಆಕ್ಸಿಜನ್ ಅಣುಗಳ ಜೊತೆ ಸೇರಿ 8 ಕಾರ್ಬನ್ ಮೊನಾಕ್ಸೈಡ್, 10 ನೀರು ಆಗಬಹುದು. ಎಣಿಸಿ ನೋಡಿ, ಇದೂ ಸರಿದೂಗುತ್ತದೆ. ಆದರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದ ವಿಷ. ಕಿಟಕಿ ಮುಚ್ಚಿದ ಬಚ್ಚಲಮನೆಯಲ್ಲಿ ಗ್ಯಾಸ್ ಗೀಸರ್ ಹಾಕಬೇಡಿ ಎನ್ನುವುದು ಇದಕ್ಕೇ.

ಗಾಳಿ ಇನ್ನೂ ಕಡಿಮೆಯಾದರೆ ಉರಿ ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಆ ಮಸಿ ಬಹುಪಾಲು ಕಾರ್ಬನ್ನೇ. ಮಗಳಿಗೆ ಅದನ್ನು ತೋರಿಸಿ ಕೇಳಿ: 2 ಬ್ಯೂಟೇನ್ ಉರಿದು ಬರೀ 8 ಕಾರ್ಬನ್, 10 ನೀರು ಬಂದರೆ ಎಷ್ಟು ಆಕ್ಸಿಜನ್ ಅಣು ಬೇಕು? 5 ಎಂದರೆ ಅವಳಿಗೆ ಲೆಕ್ಕ ಹಿಡಿತಕ್ಕೆ ಬಂತು.