ನಾರೂ ಕಾಂಪೋಸ್ಟ್ ಎರಿ ಮಣ್ಣಿಗೆ ಹಾಕಬಹುದಾ?
ಗದಗಿನ್ಯಾಗ ನಿಮ್ಮ ಹಿತ್ತಲದ ಎರಿ ಮಣ್ಣು ಬಿರುಕು ಬಿಡತೈತಿ, ಡ್ರಮ್ಮಿನ ಕಾಂಪೋಸ್ಟ್ ನಾರತೈತಿ, ಹಂಗ ಹಾಕಲೇನು ಅಂತ ಕೇಳೀರಿ. ಈಗ ಬ್ಯಾಡ್ರಿ. ನಾತ ಅಂದ್ರ ಹಸಿ ಹೆಚ್ಚಾಗಿ ಒಳಗ ಗಾಳಿ ಇಲ್ಲ. ಹೊರಗ ಸುರುವಿ, 1 ಬುಟ್ಟಿ ಅಡಗಿಮನಿ ಕಸಕ್ಕ 2-3 ಬುಟ್ಟಿ ಒಣ ಎಲಿ ಇಲ್ಲಾ ಶೇಂಗಾ ಸಿಪ್ಪಿ ಕಲಸ್ರಿ. ಮುಷ್ಟ್ಯಾಗ ಹಿಂಡಿದ್ರ ಒಂದೆರಡು ಹನಿ ಬರಬೇಕು, ಧಾರಿ ಅಲ್ಲ. ವಾರಕ್ಕೊಮ್ಮೆ ತಿರುವ್ರಿ.

ಕಪ್ಪಗ, ಉದುರುದುರಾಗಿ, ಮಳಿ ಬಿದ್ದ ಮಣ್ಣಿನ ವಾಸನಿ ಬಂದ್ರ ಪಕ್ವ ಆತು. ಅರ್ಧ ಕೊಳೆತದ್ದು ಹಾಕಿದ್ರ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕ ಎಳಕೊಂತಾವ, ಗಿಡ ಹಳದಿ ಆಗತೈತಿ.

ಪಕ್ವ ಆದದ್ದು 2 ಇಂಚು ಹರಡಿ, ಮ್ಯಾಲಿನ 6 ಇಂಚು ಮಣ್ಣಾಗ ಬೆರೆಸ್ರಿ. ಜಿಗಟು ಕಣ ಸಣ್ಣ ಸಣ್ಣ ಹರಳಾಗಿ ಕೂಡತಾವ, ನಡುವ ನೀರು-ಗಾಳಿ ಆಡತೈತಿ. ಬಿರುಕು ಒಂದ ವರ್ಷಕ್ಕ ಪೂರ್ತಿ ಹೋಗೂದಿಲ್ಲ. ಮಣ್ಣು ಹಸಿ ಇದ್ದಾಗಂತೂ ಅಗೀಬ್ಯಾಡ್ರಿ, ಒಣಗಿದ ಮ್ಯಾಲ ಹೆಂಟಿ ಕಲ್ಲಾಗತಾವ.